ಅಮ್ಮನಿಗೆ ದಿನಾ ಪ್ರಾರ್ಥನೆ ಓದಿ ಹೇಳುವ ನಾನು, ‘ನಂಬುವುದಿಲ್ಲ’ ಅಂತ ಎಲ್ಲರೆದುರು ಹೇಳಬೇಕಾ?

ಸಂಜೆಪಾಳಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನನಗೆ 43 ವರ್ಷ. ನರ್ಸ್ ಕೆಲಸ. ವಯಸ್ಸಾದವರ ವಾರ್ಡಿನಲ್ಲಿ 18 ವರ್ಷದಿಂದ ಇದ್ದೇನೆ. ದೇವರ ಮೇಲಿನ ನಂಬಿಕೆ ಹೋಗಿ ಹತ್ತು ಹನ್ನೆರಡು ವರ್ಷ ಆಗಿರಬೇಕು. ಇಂಥದ್ದೇ ದಿನ ಅಂತ ಹೇಳಲು ಬರುವುದಿಲ್ಲ. ದೊಡ್ಡ ಆಘಾತ ಏನೂ ಆಗಿರಲಿಲ್ಲ, ಯಾರ ಮೇಲೂ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಪದ್ಯ ನಿಧಾನಕ್ಕೆ ಮರೆತುಹೋಗುತ್ತಲ್ಲ, ಹಾಗೆ. ಒಂದು ದಿನ ನೆನಪು ಮಾಡಿಕೊಳ್ಳಲು ಹೋದರೆ ಅಲ್ಲಿ ಏನೂ ಇರಲಿಲ್ಲ.

ಗಂಡನಿಗೆ ಗೊತ್ತು. ಇನ್ನಿಬ್ಬರು ಗೆಳತಿಯರಿಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ.

ಅಮ್ಮ ನಮ್ಮ ಜೊತೆಯೇ ಇದ್ದಾರೆ. 76 ವರ್ಷ. ಕಿವಿ ಚುರುಕು, ಕಣ್ಣು ಮಾತ್ರ ಕೈಕೊಟ್ಟಿದೆ. ಎರಡೂ ಕಣ್ಣಿನಲ್ಲಿ ನಡುವಿನ ನೋಟ ಹೋಗಿ, ಸುತ್ತಲಿನದು ಮಾತ್ರ ಉಳಿದಿದೆ. ಬಾಗಿಲು, ಮಂಚ, ಗೋಡೆ ಗೊತ್ತಾಗುತ್ತೆ. ಎದುರಿಗಿರುವವರ ಮುಖ ಗೊತ್ತಾಗುವುದಿಲ್ಲ, ಅಕ್ಷರ ಮೊದಲೇ ಇಲ್ಲ. ಅದಕ್ಕೇ ಮೂರು ವರ್ಷದಿಂದ ಅಮ್ಮನ ಪ್ರಾರ್ಥನೆ ಪುಸ್ತಕವನ್ನು ನಾನು ಓದುತ್ತೇನೆ. ನಾನು ಕೆಲಸದಿಂದ ಬಂದು ಕೈಕಾಲು ತೊಳೆದು ಬರುವಷ್ಟರಲ್ಲಿ ಅಮ್ಮ ಮಂಚದ ತುದಿಯಲ್ಲಿ ಕೂತಿರುತ್ತಾರೆ, ಪುಸ್ತಕ ತೊಡೆ ಮೇಲೆ. ಅದರ ಬೆನ್ನು ಎರಡು ಸಲ ಕಿತ್ತುಬಂದು, ಅಪ್ಪ ಅಂಟಿಸಿದ ಕಂದು ಟೇಪು ಇನ್ನೂ ಇದೆ. ನಾನು ಓದುವಾಗ ಅಮ್ಮನ ತುಟಿ ನನ್ನ ಜೊತೆ ಅಲ್ಲಾಡುತ್ತಿರುತ್ತೆ. ಅವರಿಗೆ ಪೂರ್ತಿ ಬಾಯಿಪಾಠ. ಆದರೂ ಯಾರಾದರೂ ಓದಬೇಕು.

ಅದರಲ್ಲಿ ಒಂದು ಸಾಲು ಇದೆ. ‘ನಾನು ನಿನ್ನನ್ನೇ ನಂಬಿದ್ದೇನೆ’ ಅಂತ ಶುರುವಾಗುತ್ತೆ. ಉಳಿದದ್ದೆಲ್ಲ ನನಗೆ ಸಲೀಸು. ಹೊಗಳಿಕೆ, ಬೇಡಿಕೆ, ಎಲ್ಲರಿಗೂ ಒಳ್ಳೆಯದಾಗಲಿ ಅನ್ನುವುದು, ಎಲ್ಲವನ್ನೂ ಮನಸ್ಸಿಟ್ಟೇ ಓದುತ್ತೇನೆ. ಆ ಒಂದು ಸಾಲು ಬಂದಾಗ ಪುಟ ತಿರುಗಿಸುತ್ತೇನೆ, ಇಲ್ಲ ಗಂಟಲು ಸರಿಮಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ಅಮ್ಮ ತಾವೇ ಹೇಳಿಕೊಂಡು ಮುಂದೆ ಹೋಗಿರುತ್ತಾರೆ.

ಹೋದ ತಿಂಗಳು ನನ್ನ ಮಗಳು ಬಾಗಿಲಲ್ಲಿ ನಿಂತು ಇದನ್ನು ನೋಡಿದ್ದಾಳೆ. ಅವಳಿಗೆ 13. ರಾತ್ರಿ ಬಂದು ಕೇಳಿದಳು: ‘ಅಮ್ಮಾ, ಆ ಸಾಲು ಯಾಕೆ ಬಿಡ್ತೀಯ?’ ನನಗೆ ಉತ್ತರ ಹೊಳೆಯಲಿಲ್ಲ. ‘ಸುಮ್ನೆ, ಗಂಟಲು ಕಟ್ಟಿತ್ತು’ ಅಂದೆ. ಆ ಸುಳ್ಳು ಇನ್ನೂ ನನ್ನ ಬಾಯಲ್ಲಿ ಕಹಿಯಾಗಿ ಉಳಿದಿದೆ. ಹತ್ತು ವರ್ಷದಲ್ಲಿ ನಾನು ಏನನ್ನೂ ಹೇಳದೆ ಇದ್ದೆ, ನಿಜ. ಆದರೆ ಬಾಯಿಬಿಟ್ಟು ಸುಳ್ಳು ಹೇಳಿದ್ದು ಅವತ್ತೇ ಮೊದಲು. ಅದೂ ಮಗಳ ಹತ್ತಿರ.

ಇದರ ಮಧ್ಯೆ ಇನ್ನೊಂದು ಬಂತು. ಗೆಳತಿಯೊಬ್ಬಳು ಒಂದು ಸಂಜೆ ಮಾತುಕತೆ ಇಟ್ಟುಕೊಂಡಿದ್ದಾಳೆ. ದೇವರನ್ನು ನಂಬದೆ ಬದುಕುತ್ತಿರುವ ಮೂವರು ತಮ್ಮ ಬದುಕಿನ ಬಗ್ಗೆ 20 ನಿಮಿಷ ಮಾತಾಡಬೇಕು. ಹೆಸರು ಹೇಳುತ್ತಾರೆ, ಕೆಲಸ ಹೇಳುತ್ತಾರೆ, ವಿಡಿಯೋ ಮಾಡಿ ಹಾಕುತ್ತಾರೆ. ‘ನೀನು ದಿನಾ ಸಾವಿನ ಪಕ್ಕದಲ್ಲೇ ಕೆಲಸ ಮಾಡ್ತೀಯ, ನಿನ್ನ ಮಾತಿಗೆ ತೂಕ ಇದೆ’ ಅಂತ ಅವಳ ವಾದ.

ನನಗೆ ಹೇಳಬೇಕು ಅನ್ನಿಸುತ್ತೆ. ಯಾಕೆ ಅಂದರೆ, ಅಪ್ಪ ಹೋದಾಗ ನನಗೆ ಅಂಥ ಒಂದು ಮಾತು ಬೇಕಾಗಿತ್ತು. ಬಂದವರೆಲ್ಲ ‘ಒಳ್ಳೆ ಕಡೆ ಹೋಗಿದ್ದಾರೆ, ಮೇಲಿಂದ ನೋಡ್ತಿದ್ದಾರೆ’ ಅಂದರು. ಪ್ರೀತಿಯಿಂದಲೇ ಹೇಳಿದರು. ನಾನು ತಲೆಯಾಡಿಸಿದೆ. ಆದರೆ ಅಪ್ಪನನ್ನು ಇಟ್ಟುಕೊಳ್ಳಲು ನನ್ನ ಹತ್ತಿರ ಅಂಥ ಜಾಗ ಇರಲಿಲ್ಲ. ಮೂರು ತಿಂಗಳು ಅವರ ಕನ್ನಡಕವನ್ನು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಗಾಜಿನ ಮೇಲೆ ಅವರ ಹೆಬ್ಬೆರಳಿನ ಗುರುತಿತ್ತು, ಒರೆಸಲಿಲ್ಲ. ಅವತ್ತು ಯಾರಾದರೂ ಒಬ್ಬರು ‘ನನಗೂ ಹಾಗೇ ಆಗಿತ್ತು, ಇರುವುದು ಇಷ್ಟೇ, ಆದರೂ ಬದುಕಬಹುದು’ ಅಂದಿದ್ದರೆ ನಾನು ಅಷ್ಟು ಒಂಟಿ ಆಗುತ್ತಿರಲಿಲ್ಲ.

ಭಯವೂ ಇದೆ. ವಾರ್ಡಿನಲ್ಲಿ ಅಜ್ಜ ಅಜ್ಜಿಯರು ಕೈ ಹಿಡಿದು ‘ನನಗೋಸ್ಕರ ಪ್ರಾರ್ಥನೆ ಮಾಡಮ್ಮ’ ಅನ್ನುತ್ತಾರೆ. ನಾನು ‘ನಿಮ್ಮನ್ನ ನೆನೆಸ್ಕೊಳ್ತೀನಿ’ ಅನ್ನುತ್ತೇನೆ. ಅದು ಸುಳ್ಳಲ್ಲ. ಜೇಬಿನ ಪುಟ್ಟ ಪುಸ್ತಕದಲ್ಲಿ ಅವರ ಹಾಸಿಗೆ ನಂಬರ್ ಬರೆದುಕೊಂಡು, ಮಾರನೇ ದಿನ ಪಾಳಿ ಶುರುವಾದ ಕೂಡಲೇ ಮೊದಲು ಆ ಹಾಸಿಗೆಗೇ ಹೋಗುತ್ತೇನೆ. ಆದರೆ ಆ ವಿಡಿಯೋ ನೋಡಿದ ಮೇಲೆ ಅವರ ಮಕ್ಕಳು ನನ್ನ ಕೈಗೆ ತಮ್ಮ ತಾಯಿಯನ್ನು ಒಪ್ಪಿಸುತ್ತಾರಾ? ಅಮ್ಮನಿಗೆ ಬೇರೆಯವರ ಬಾಯಿಂದ ಗೊತ್ತಾದರೆ?

ಹೇಳಬೇಕಾ? ಹೇಳಿದರೆ ಯಾರಿಗೆ, ಯಾವ ಕ್ರಮದಲ್ಲಿ? ಇದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ನಿವೃತ್ತ ಮೇಷ್ಟ್ರು ಬರೆದದ್ದು:

ತಂಗೀ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಾನೂ ನಂಬದವನೇ. ವಿಜ್ಞಾನ ಪಾಠ ಮಾಡಿ ಬದುಕಿದವನು, ಹಾಗಾಗಿ ನನಗೆ ಗೊತ್ತಿರುವ ಒಬ್ಬ ಮನುಷ್ಯನ ಕತೆ ಹೇಳುತ್ತೇನೆ. ನಿಮ್ಮ ಮನೆಗೆ ಅದು ತುಂಬ ಹತ್ತಿರ ಇದೆ.

ಚಾರ್ಲ್ಸ್ ಡಾರ್ವಿನ್ ಮದುವೆಗೆ ಮುಂಚೆ ಅವನ ತಂದೆ ಒಂದು ಬುದ್ಧಿಮಾತು ಹೇಳಿದ್ದರು. ಧರ್ಮದ ಬಗ್ಗೆ ನಿನಗಿರುವ ಅನುಮಾನಗಳನ್ನು ಹೆಂಡತಿಯಾಗುವವಳಿಗೆ ಹೇಳಬೇಡ, ಜೋಪಾನವಾಗಿ ಮುಚ್ಚಿಡು, ಅಂತ. ಡಾರ್ವಿನ್ ಆ ಮಾತು ಕೇಳಲಿಲ್ಲ. ಎಮ್ಮಾಗೆ ಹೇಳಿಬಿಟ್ಟ. ಅವಳು ಗಟ್ಟಿ ನಂಬಿಕೆಯ ಹೆಣ್ಣುಮಗಳು. ಸತ್ತ ಮೇಲೆ ಇಬ್ಬರೂ ಒಟ್ಟಿಗೆ ಇರುವುದಿಲ್ಲವಲ್ಲ ಅನ್ನುವ ದುಃಖ ಅವಳಿಗೆ. 1839ರಲ್ಲಿ ಮದುವೆ ಆಯಿತು, ಅದಾದ ಮೇಲೆ ತನ್ನ ಅಂಜಿಕೆಯನ್ನೆಲ್ಲ ಅವನಿಗೊಂದು ಕಾಗದದಲ್ಲಿ ಬರೆದುಕೊಟ್ಟಳು. ಆ ಕಾಗದವನ್ನು ಅವನು ಕೊನೆತನಕ ಇಟ್ಟುಕೊಂಡಿದ್ದ. ಅದರ ಮೇಲೆ ಅವನದೇ ಕೈಬರಹ ಇದೆ: ನಾನು ಸತ್ತ ಮೇಲೆ ತಿಳಿದುಕೋ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ, ಅಂತ.

ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು. ನಿಜವಾಗಿ ಕಟ್ಟುತ್ತಿತ್ತು.

ಮನೆಯಲ್ಲಿ ಹೇಳಿದ ಅದೇ ಮನುಷ್ಯ ಹೊರಗೆ ಮಾತ್ರ ತುಂಬ ಕಡಿಮೆ ಮಾತಾಡಿದ. 1851ರಲ್ಲಿ ಅವನ ಹತ್ತು ವರ್ಷದ ಮಗಳು ಆನಿ ತೀರಿಕೊಂಡಳು. ಆಗಲೂ ತನ್ನ ಮನಸ್ಸನ್ನು ಊರಿಗೆ ತೆರೆದಿಡಲಿಲ್ಲ. 1880ರಲ್ಲಿ ಒಬ್ಬ ಲೇಖಕ ಧರ್ಮವನ್ನು ಟೀಕಿಸುವ ತನ್ನ ಪುಸ್ತಕವನ್ನು ಅವನಿಗೆ ಅರ್ಪಿಸುತ್ತೇನೆ ಅಂದಾಗ ಬೇಡ ಅಂದ. ನೇರವಾಗಿ ವಾದ ಮಾಡಿದರೆ ಜನರ ಮೇಲೆ ಪರಿಣಾಮ ಅಷ್ಟಕ್ಕಷ್ಟೇ, ತಿಳಿವಳಿಕೆ ಬೆಳೆದ ಹಾಗೆ ಮನಸ್ಸು ತಾನಾಗಿ ತೆರೆದುಕೊಳ್ಳುತ್ತೆ ಅಂತ ಉತ್ತರ ಬರೆದ. ಜೊತೆಗೆ, ಮನೆಯವರಿಗೆ ನೋವಾಗುತ್ತೆ ಅನ್ನುವುದೂ ನನ್ನನ್ನು ತಡೆದಿರಬಹುದು ಅಂತ ಒಪ್ಪಿಕೊಂಡ. ಆ ಪ್ರಾಮಾಣಿಕತೆ ನನಗೆ ಇಷ್ಟ.

1876ರಲ್ಲಿ ಮಕ್ಕಳಿಗೋಸ್ಕರ ತನ್ನ ಬದುಕಿನ ಕತೆ ಬರೆದಿಟ್ಟ, ಅದರಲ್ಲಿ ಎಲ್ಲವನ್ನೂ ಬರೆದ. ಅವನು ಹೋದದ್ದು 1882ರಲ್ಲಿ. 1887ರಲ್ಲಿ ಅದು ಅಚ್ಚಾದಾಗ ಧರ್ಮದ ಬಗೆಗಿನ ಕೆಲವು ಮಾತುಗಳನ್ನು ಮನೆಯವರೇ ತೆಗೆಸಿದರು. ಮೊಮ್ಮಗಳು ನೋರಾ ಬಾರ್ಲೋ ಅವನ್ನೆಲ್ಲ ಮತ್ತೆ ಸೇರಿಸಿ ಪ್ರಕಟಿಸಿದ್ದು 1958ರಲ್ಲಿ. ಲೆಕ್ಕ ಹಾಕಿ, ಬರೆದು 82 ವರ್ಷ ಆದ ಮೇಲೆ.

ನನಗೆ ಇದರಲ್ಲಿ ಕಾಣುವುದು ಆ ಕ್ರಮ. ಮೊದಲು ಎಮ್ಮಾ. ಊರಿನವರು ಎಷ್ಟೋ ಆಮೇಲೆ. ನಿಮ್ಮ ಮಗಳು ಬಾಗಿಲಲ್ಲಿ ನಿಂತು ಕೇಳಿದ್ದಾಳೆ. ಆ ವೇದಿಕೆಗಿಂತ ಮೊದಲು ಉತ್ತರ ಸಿಗಬೇಕಾದದ್ದು ಅವಳಿಗೆ ಅಲ್ವಾ?

ಇನ್ನೊಂದನ್ನೂ ಹೇಳದಿದ್ದರೆ ತಪ್ಪಾಗುತ್ತೆ. ಡಾರ್ವಿನ್‌ಗೆ ಸುಮ್ಮನಿರುವ ಅನುಕೂಲ ಇತ್ತು. ಆಸ್ತಿ ಇತ್ತು, ಹೆಸರಿತ್ತು. ಅದೇ ಇಂಗ್ಲೆಂಡಿನಲ್ಲಿ 1842ರಲ್ಲಿ ಜಾರ್ಜ್ ಹೋಲಿಯೋಕ್ ಅನ್ನುವ ಬಡ ಉಪನ್ಯಾಸಕ, ಸಭೆಯಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಧರ್ಮನಿಂದನೆ ಅಂತ ಆರು ತಿಂಗಳು ಜೈಲಿಗೆ ಹೋದ. ಅವನು ಒಳಗಿದ್ದಾಗಲೇ ಅವನ ಪುಟ್ಟ ಮಗಳು ತೀರಿಕೊಂಡಳು. ‘ಸೆಕ್ಯುಲರಿಸಂ’ ಅನ್ನುವ ಪದ ಕೊಟ್ಟದ್ದು ಅವನೇ, 1851ರಲ್ಲಿ. ಚಾರ್ಲ್ಸ್ ಬ್ರಾಡ್‌ಲಾ 1880ರಲ್ಲಿ ಸಂಸತ್ತಿಗೆ ಆರಿಸಿ ಬಂದ. ನಾಸ್ತಿಕ ಅನ್ನುವ ಕಾರಣಕ್ಕೆ ಅವನಿಗೆ ಪ್ರಮಾಣವಚನದ ದಾರಿಯನ್ನೇ ಮುಚ್ಚಿದರು. ಮತದಾರರು ಅವನನ್ನೇ ಮತ್ತೆ ಮತ್ತೆ ಆರಿಸಿ ಕಳಿಸಿದರು. 1886ರಲ್ಲಿ ಕೊನೆಗೂ ಕೂರಲು ಬಿಟ್ಟರು. ದೇವರ ಹೆಸರಿಲ್ಲದೆ ಪ್ರಮಾಣ ಮಾಡಬಹುದು ಅನ್ನುವ ಕಾಯ್ದೆ ಅವನ ಪ್ರಯತ್ನದಿಂದಲೇ 1888ರಲ್ಲಿ ಬಂತು.

ಇಂಥವರು ಬಾಯಿಬಿಟ್ಟದ್ದರಿಂದ ನನ್ನಂಥವನು ತರಗತಿಯಲ್ಲಿ ಹೆದರದೆ ಪಾಠ ಮಾಡಿದೆ. ಹಾಗಾಗಿ ‘ಸುಮ್ಮನಿರಿ’ ಅಂತ ನಿಮಗೆ ಹೇಳಲು ನನಗೆ ಹಕ್ಕಿಲ್ಲ.

ಹಣತೆ ಬರೆದದ್ದು:

ನಾನು ನಂಬುವವಳು. ಬೆಳಗ್ಗೆ ಎದ್ದ ಕೂಡಲೇ ಪ್ರಾರ್ಥನೆ ಮಾಡದಿದ್ದರೆ ನನ್ನ ದಿನ ಶುರುವಾಗುವುದಿಲ್ಲ. ಇಲ್ಲಿ ನಾನು ಮಾತಾಡಬಹುದೋ ಇಲ್ಲವೋ ಅಂತ ಯೋಚನೆ ಮಾಡಿ, ಆಮೇಲೆ ಬರೆಯುತ್ತಿದ್ದೇನೆ.

ನನ್ನ ತಮ್ಮನಿಗೆ ನಂಬಿಕೆ ಇಲ್ಲ. ಅದು ನನಗೆ ಗೊತ್ತಾಗಿದ್ದು ಅವನ ಸ್ನೇಹಿತನ ಮೂಲಕ, ಒಂದು ಮದುವೆ ಮನೆಯಲ್ಲಿ, ಮಾತಿಗೆ ಮಾತು ಬಂದಾಗ. ‘ಓ, ಅವನು ಇದನ್ನೆಲ್ಲ ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ’ ಅಂದರು ಅವರು. ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಯಾಕೆ ಅತ್ತೆ ಅಂತ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ದೇವರು ಅವನನ್ನು ಬಿಟ್ಟುಬಿಡುತ್ತಾನೆ ಅನ್ನುವ ಹೆದರಿಕೆ ನನಗಿಲ್ಲ, ನನ್ನ ದೇವರು ಅಷ್ಟು ಸಣ್ಣವನಲ್ಲ. ಆಮೇಲೆ ಗೊತ್ತಾಯಿತು. ಒಂಬತ್ತು ವರ್ಷ ಅವನು ನನ್ನನ್ನು ನಂಬಲಿಲ್ಲ. ಅಕ್ಕ ಬೈಯುತ್ತಾಳೆ, ಅಕ್ಕ ದೂರ ಮಾಡುತ್ತಾಳೆ ಅಂದುಕೊಂಡ. ಅವನಿಗೆ ಜ್ವರ ಬಂದಾಗೆಲ್ಲ ಪಕ್ಕದಲ್ಲಿ ಕೂತವಳು ನಾನು. ಅವನು ಹಾಗೆ ಅಂದುಕೊಳ್ಳುವಂತೆ ನಾನು ಏನು ಮಾಡಿದ್ದೆ ಅಂತ ಹುಡುಕಿದೆ. ಸಿಕ್ಕಿತು. ಯಾವತ್ತೋ ಊಟಕ್ಕೆ ಕೂತಾಗ ‘ದೇವರಿಲ್ಲ ಅನ್ನೋರಿಗೆ ಯಾವ ನೀತಿ, ಯಾವ ನಿಯತ್ತು’ ಅಂದಿದ್ದೆ. ಸುಮ್ನೆ ಬಾಯಿಗೆ ಬಂದ ಮಾತು. ಅವನು ಎದುರಿಗೇ ಕೂತಿದ್ದ.

ಈಗ ನಾವಿಬ್ಬರೂ ಚೆನ್ನಾಗಿದ್ದೇವೆ. ಆದರೆ ಆ ಒಂಬತ್ತು ವರ್ಷ ವಾಪಸ್ ಬರುವುದಿಲ್ಲ.

ನಿಮ್ಮ ಅಮ್ಮನಿಗೆ ವಿಡಿಯೋದಿಂದ ಗೊತ್ತಾಗಬಾರದು. ಇದೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಇನ್ನು ಓದುವುದನ್ನು ನಿಲ್ಲಿಸಬೇಡಿ. ನಂಬದವರ ಬಾಯಲ್ಲಿ ಪ್ರಾರ್ಥನೆ ಬಂದರೆ ಅದು ಕೆಟ್ಟುಹೋಗುವುದಿಲ್ಲ. ಮೂರು ವರ್ಷ ದಿನಾ ಕೂತು ಓದಿದ್ದೀರಿ. ನಂಬುವ ನನ್ನ ಮಕ್ಕಳು ನನಗೆ ಅಷ್ಟು ಮಾಡುತ್ತಾರೋ ಇಲ್ಲವೋ.

ನರ್ಸ್ ಕೆಲಸದ ಬಗ್ಗೆ ಕೇಳಿದಿರಿ. ನನ್ನ ಅತ್ತೆ ಕೊನೆ ಕಾಲದಲ್ಲಿ ಮಲಗಿದ್ದಾಗ ನಾನು ನೋಡುತ್ತಿದ್ದದ್ದು ಒಂದೇ. ಮಗ್ಗಲು ತಿರುಗಿಸುವಾಗ ಆ ಸಿಸ್ಟರ್ ಕೈ ಎಷ್ಟು ಮೆತ್ತಗಿದೆ ಅಂತ. ಅವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಅಂತ ಕೇಳಲು ನನಗೆ ತೋಚಲೇ ಇಲ್ಲ.

ಒಂದು ಸಲ ಬರೆದವನು ಬರೆದದ್ದು:

ನಾನು ಹೇಳಿ ನೋಡಿದವನು. ಏಳು ವರ್ಷದ ಹಿಂದೆ ಹೆಸರು, ಫೋಟೋ ಎಲ್ಲ ಹಾಕಿ ಒಂದು ಲೇಖನ ಬರೆದೆ. ಏನಾಯಿತು ಅಂತ ಇದ್ದ ಹಾಗೆ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ಮೊದಲು ನಿಮ್ಮ ಭಯದ ಬಗ್ಗೆ. ಅದು ಸುಮ್ಮನೆ ಬಂದ ಭಯ ಅಲ್ಲ. ನೀವು ಯಾವ ದೇಶದಲ್ಲಿ, ಯಾರ ನಡುವೆ ಇದ್ದೀರಿ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತೆ. ಬ್ಲಾಗ್ ಬರೆದಿದ್ದಕ್ಕೆ ಸೌದಿ ಅರೇಬಿಯಾದಲ್ಲಿ ರೈಫ್ ಬದಾವಿಗೆ 2014ರಲ್ಲಿ 10 ವರ್ಷ ಜೈಲು, 1000 ಛಡಿ ಏಟು ಅಂತ ಶಿಕ್ಷೆ ಆಯಿತು. 2015ರ ಜನವರಿಯಲ್ಲಿ ಜನರೆದುರೇ 50 ಏಟು ಹೊಡೆದರು. ಅವನು ಹೊರಗೆ ಬಂದದ್ದು 2022ರಲ್ಲಿ. ಬಾಂಗ್ಲಾದೇಶದ ನಾಸ್ತಿಕ ಬರಹಗಾರ ಅವಿಜಿತ್ ರಾಯ್ ಅವರನ್ನು 2015ರ ಫೆಬ್ರವರಿಯಲ್ಲಿ ಢಾಕಾದ ಬೀದಿಯಲ್ಲೇ ಕಡಿದು ಕೊಂದರು. ಪುಸ್ತಕ ಮೇಳದಿಂದ ಹೆಂಡತಿ ಜೊತೆ ವಾಪಸ್ ಹೊರಟಿದ್ದರು. ಹೀಗಿರುವಾಗ ‘ಧೈರ್ಯ ಮಾಡಿ ಹೇಳಿಬಿಡಿ’ ಅಂತ ಯಾರಾದರೂ ಹೇಳಿದರೆ, ಅವರಿಗೆ ಕಳೆದುಕೊಳ್ಳಲು ಏನಿದೆ ಅಂತ ಮೊದಲು ನೋಡಿ.

ಕಾನೂನಿನ ಮಟ್ಟಿಗೆ ಒಂದು ವಿಷಯ ಗೊತ್ತಿರಲಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ, ಧರ್ಮವನ್ನು ಅಥವಾ ನಂಬಿಕೆಯನ್ನು ಬದಲಾಯಿಸುವ ಸ್ವಾತಂತ್ರ್ಯವೂ ಮನುಷ್ಯನಿಗೆ ಇದೆ ಅನ್ನುತ್ತೆ. 1993ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇನ್ನೂ ಬಿಡಿಸಿ ಹೇಳಿತು. ದೇವರನ್ನು ನಂಬುವವರಿಗೆ ಇರುವ ರಕ್ಷಣೆ ನಂಬದವರಿಗೂ ಇದೆ, ಯಾವ ಧರ್ಮವನ್ನೂ ಒಪ್ಪಿಕೊಳ್ಳದೆ ಇರುವುದೂ ಹಕ್ಕು. ಅಷ್ಟೇ ಅಲ್ಲ, ನಿನ್ನ ನಂಬಿಕೆ ಏನು ಹೇಳು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ. ಅಂದರೆ ಸುಮ್ಮನಿರುವುದೂ ನಿಮ್ಮ ಹಕ್ಕೇ. ಇದು ನನಗೆ ಮೊದಲೇ ಗೊತ್ತಿದ್ದರೆ ನನ್ನ ಎದೆ ಮೇಲಿನ ಭಾರ ಸ್ವಲ್ಪ ಕಡಿಮೆ ಆಗುತ್ತಿತ್ತು. ಹೇಳದೇ ಇದ್ದರೆ ನಾನು ಮೋಸಗಾರ ಅಂತ ನನಗೆ ನಾನೇ ಹೊಡೆದುಕೊಳ್ಳುತ್ತಿದ್ದೆ.

ಈಗ ನನ್ನ ಕತೆ. ಲೇಖನ ಬಂದ ವಾರ ಆಫೀಸಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಊಟದ ಮೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯಲು ಶುರುವಾಯಿತು, ಅಷ್ಟೇ. ದೊಡ್ಡಪ್ಪ ಎರಡು ವರ್ಷ ಮಾತು ಬಿಟ್ಟರು. ಹಾಗೇ ಒಂದು ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗ ಫೋನ್ ಮಾಡಿದ. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಮಾವ, ನಾನೂ ಹಾಗೇ. ನನ್ನ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ’ ಅಂದ. ಅವನಿಗೆ ಆಗ 17. ಆ ಒಂದು ಫೋನಿಗೋಸ್ಕರ ನಾನು ಮತ್ತೆ ಬೇಕಾದರೂ ಬರೆಯುತ್ತೇನೆ.

ಆದರೆ ಬೇರೆ ಥರ ಬರೆಯುತ್ತೇನೆ. ಆ ಲೇಖನವನ್ನು ಈಗ ತೆಗೆದು ಓದಿದರೆ ಅರ್ಧಕ್ಕರ್ಧ ಬೇರೆಯವರನ್ನು ಹೀಯಾಳಿಸಿದ್ದೇ ಇದೆ. ನಂಬುವವರು ಯೋಚನೆ ಮಾಡದವರು, ಹೆದರುಪುಕ್ಕಲರು ಅಂತೆಲ್ಲ. ನನ್ನ ಬದುಕಿನ ಬಗ್ಗೆ ನಾಲ್ಕೇ ಸಾಲು. ಅಕ್ಕನ ಮಗನಿಗೆ ತಾಗಿದ್ದು ಆ ನಾಲ್ಕು ಸಾಲು. ದೊಡ್ಡಪ್ಪನಿಗೆ ತಾಗಿದ್ದು ಉಳಿದದ್ದು. ಅವರು ನನಗೆ ಸೈಕಲ್ ಕಲಿಸಿದವರು. ಆ ಮಾತಿನಲ್ಲಿ ಅವರೂ ಸೇರಿದ್ದಾರೆ ಅಂತ ಬರೆಯುವಾಗ ನನಗೆ ಹೊಳೆಯಲಿಲ್ಲ.

‘ನಾಸ್ತಿಕ’ ಅನ್ನುವ ಪದದ ಬಗ್ಗೆಯೂ ಯೋಚನೆ ಮಾಡಿ. ಅದರೊಳಗೇ ಒಂದು ‘ಇಲ್ಲ’ ಕೂತಿದೆ. ಹಿಂದೆ ಅದು ಬೇರೆಯವರ ಮೇಲೆ ಅಂಟಿಸಿದ ಚೀಟಿ. ವೇದವನ್ನು ಪ್ರಮಾಣ ಅಂತ ಒಪ್ಪದವರನ್ನು ಹಾಗೆ ಕರೆದರು, ಚಾರ್ವಾಕರ ಜೊತೆ ಬೌದ್ಧರೂ ಜೈನರೂ ಅದೇ ಪಟ್ಟಿಯಲ್ಲಿ. ಅದೇ, ಜಗತ್ತನ್ನು ಸೃಷ್ಟಿಸಿದ ಒಬ್ಬ ದೇವರು ಬೇಕಿಲ್ಲ ಅಂದ ಮೀಮಾಂಸಕರು ವೇದವನ್ನು ಒಪ್ಪಿದ್ದಕ್ಕೆ ಆಸ್ತಿಕರ ಪಟ್ಟಿಯಲ್ಲೇ ಉಳಿದರು. ಇಂಗ್ಲಿಷಿನಲ್ಲಿ ‘ಅಗ್ನಾಸ್ಟಿಕ್’ (ದೇವರಿದ್ದಾನೋ ಇಲ್ಲವೋ ಗೊತ್ತುಮಾಡಿಕೊಳ್ಳಲು ಆಗದು ಅನ್ನುವವನು) ಅನ್ನುವ ಪದವನ್ನು ವಿಜ್ಞಾನಿ ಥಾಮಸ್ ಹಕ್ಸ್ಲಿ 1869ರಲ್ಲಿ ಹುಟ್ಟಿಸಿದ್ದೂ, ಎಲ್ಲರ ಹತ್ತಿರ ಒಂದೊಂದು ಹೆಸರಿದೆ, ನನಗೆ ಮಾತ್ರ ಇಲ್ಲ ಅನ್ನಿಸಿದ್ದಕ್ಕೆ. ಯಾರೋ ಕೊಟ್ಟ ಹೆಸರು ನಿಮಗೆ ಬಿಗಿಯಾದರೆ ಹಾಕಿಕೊಳ್ಳಲೇಬೇಕು ಅಂತೇನಿಲ್ಲ. ‘ನಾನು ನಂಬುವುದಿಲ್ಲ’ ಅಂದರೆ ಸಾಕು. ಅದು ನಿಮ್ಮ ಬಗ್ಗೆ ಮಾತ್ರ ಹೇಳುವ ಮಾತು.

ಕೊನೆಯದಾಗಿ, ವಿಡಿಯೋ. ಒಮ್ಮೆ ಹೋದರೆ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. 20 ನಿಮಿಷದ ಮಾತನ್ನು ಯಾರೋ 20 ಸೆಕೆಂಡಿಗೆ ಕತ್ತರಿಸುತ್ತಾರೆ. ವಾರ್ಡಿನ ಬಗ್ಗೆ ಹೇಳುವಾಗ ಯಾವ ರೋಗಿಯ ಗುರುತೂ ಸಿಗದ ಹಾಗೆ ಹೇಳಿ. ನಿಮ್ಮ ಮೇಲಿನವರಿಗೆ ಮುಂಚೆಯೇ ಒಂದು ಮಾತು ಹಾಕಿ. ವಿಡಿಯೋ ಬೇಡ, ಬರೀ ಸಭೆ ಸಾಕು ಅಂತ ಕೇಳುವುದಕ್ಕೂ ಹಿಂಜರಿಯಬೇಡಿ.

ಗಾಳಿಪಟ ಬರೆದದ್ದು:

ನನಗೆ 19. ಮನೆಯಲ್ಲಿ ಹೇಳಿದರೆ ಓದು ನಿಲ್ಲಿಸುತ್ತಾರೆ, ಇದರಲ್ಲಿ ಅನುಮಾನ ಇಲ್ಲ. ಪ್ರಾರ್ಥನೆಗೆ ಕೂರುತ್ತೇನೆ, ಕಣ್ಣು ಮುಚ್ಚುತ್ತೇನೆ. ನಿಮ್ಮೆಲ್ಲರ ಮಾತು ಓದಿ ನಾನು ಹೇಡಿ ಅನ್ನಿಸುತ್ತಿದೆ.

ನಿವೃತ್ತ ಮೇಷ್ಟ್ರು ಬರೆದದ್ದು:

ಮಗೂ, ನೀನು ಹೇಡಿಯಲ್ಲ. ಓದು ಮುಗಿಸು. ನಿನ್ನ ಕಾಲ ಮೇಲೆ ನಿಂತುಕೋ. ಅನ್ನ, ಸೂರು, ಫೀಸು ಬೇರೆಯವರ ಕೈಯಲ್ಲಿರುವಾಗ ಬಾಯಿ ಮುಚ್ಚಿಕೊಂಡಿರುವುದು ಬುದ್ಧಿವಂತಿಕೆ. ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ನಿನಗೆ ಗೊತ್ತಿದೆ, ಈಗ ಅಷ್ಟು ಸಾಕು. ಯಾರಾದರೂ ಒಬ್ಬ ನಂಬಿಗಸ್ತ ಸ್ನೇಹಿತನಿಗೆ ಮಾತ್ರ ಹೇಳಿಕೋ. ಪೂರ್ತಿ ಒಂಟಿಯಾಗಿ ಇಟ್ಟುಕೊಳ್ಳಬೇಡ. ಯಾವಾಗ ಬೇಕಾದರೂ ನನಗೆ ಬರೆ.

ಸಂಜೆಪಾಳಿ ಬರೆದದ್ದು (ಎರಡು ವಾರದ ನಂತರ):

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಹಣತೆ ಅಕ್ಕಾ, ನಿಮ್ಮ ಮಾತನ್ನು ಗಂಡನಿಗೂ ಓದಿ ಹೇಳಿದೆ.

ಮೊದಲು ಮಗಳಿಗೆ ಹೇಳಿದೆ. ಬಟ್ಟೆ ಮಡಚುತ್ತಾ ಕೂತಿದ್ದೆವು. ‘ಅವತ್ತು ಗಂಟಲು ಕಟ್ಟಿರಲಿಲ್ಲ. ನಾನು ದೇವರನ್ನು ನಂಬುವುದಿಲ್ಲ, ಅದಕ್ಕೇ ಆ ಸಾಲು ಹೇಳಲು ಆಗುವುದಿಲ್ಲ. ನಿನಗೆ ಸುಳ್ಳು ಹೇಳಿದೆ, ತಪ್ಪಾಯ್ತು’ ಅಂದೆ. ಅವಳು ಒಂದು ಕಾಲುಚೀಲ ಹಿಡಿದು ಅದರ ಜೋಡಿ ಹುಡುಕುತ್ತಾ, ‘ಹಾಗಾದ್ರೆ ತಾತ ಈಗ ಎಲ್ಲಿದ್ದಾರೆ?’ ಅಂದಳು.

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿದ್ದರೆ ಏನಾದರೂ ಸಿದ್ಧ ಮಾಡಿಕೊಳ್ಳುತ್ತಿದ್ದೆನೇನೋ. ‘ಎಲ್ಲೂ ಇಲ್ಲ ಅಂತ ನನಗೆ ಅನ್ನಿಸುತ್ತೆ ಕಂದ. ಆದರೆ ಅವರು ಇದ್ದದ್ದು ನಿಜ. ಅದನ್ನು ಯಾರೂ ಇಲ್ಲ ಮಾಡಕ್ಕಾಗಲ್ಲ’ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಅಜ್ಜಿ ಥರ ನಂಬಿದ್ರೆ ನಿಂಗೆ ಬೇಜಾರಾ?’ ಅಂದಳು. ‘ಇಲ್ಲ, ನಿಜವಾಗಲೂ ಇಲ್ಲ’ ಅಂದೆ. ಅವಳಿಗೆ ಅದೇ ಚಿಂತೆ ಇತ್ತಂತೆ, ಯಾರ ಪಕ್ಷ ಸೇರಬೇಕು ಅಂತ.

ಅಮ್ಮನಿಗೆ ಹೇಳಲು ಇನ್ನೂ ಒಂಬತ್ತು ದಿನ ಬೇಕಾಯಿತು. ದಿನಾ ಪುಸ್ತಕ ಮುಚ್ಚಿದ ಮೇಲೆ ಹೇಳೋಣ ಅಂದುಕೊಳ್ಳುತ್ತಿದ್ದೆ, ಏನೋ ಒಂದು ಅಡ್ಡ ಬರುತ್ತಿತ್ತು. ಕೊನೆಗೆ ಮೊನ್ನೆ ಓದು ಶುರು ಮಾಡುವ ಮುಂಚೆಯೇ ಪುಸ್ತಕದ ಮೇಲೆ ಕೈಯಿಟ್ಟು ‘ಅಮ್ಮಾ, ಒಂದು ಮಾತು ಹೇಳಬೇಕು’ ಅಂದೆ. ಅಮ್ಮ ತಲೆಯನ್ನು ಸ್ವಲ್ಪ ಓರೆ ಮಾಡಿದರು. ನೇರ ನೋಡಿದರೆ ನನ್ನ ಮುಖ ಕಾಣುವುದಿಲ್ಲ, ಹಾಗೆ ಓರೆಯಾಗಿ ನೋಡಿದರೆ ಅಂಚಿನಲ್ಲಿ ಸ್ವಲ್ಪ ಸಿಗುತ್ತೆ. ನನ್ನ ಮುಖವನ್ನು ನಿಜವಾಗಿ ನೋಡಬೇಕು ಅನ್ನಿಸಿದಾಗ ಮಾತ್ರ ಹಾಗೆ ಮಾಡುತ್ತಾರೆ.

ಹೇಳಿದೆ. ಎಲ್ಲವನ್ನೂ ಅಲ್ಲ. ಎಷ್ಟು ವರ್ಷದಿಂದ ಅನ್ನುವುದನ್ನು ಬಿಟ್ಟೆ. ಅಷ್ಟಕ್ಕೇ ಕೈ ನಡುಗುತ್ತಿತ್ತು.

ಅಮ್ಮ ಕೂಡಲೇ ಮಾತಾಡಲಿಲ್ಲ. ಪುಸ್ತಕದ ಬೆನ್ನಿನ ಟೇಪನ್ನು ಉಗುರಿನಿಂದ ಸವರುತ್ತಿದ್ದರು. ಆಮೇಲೆ, ‘ನೀನು ಆ ಸಾಲು ಬಿಡ್ತೀಯಲ್ಲ’ ಅಂದರು. ‘ಶುರುವಿನಲ್ಲಿ ನಿಂಗೆ ಸುಸ್ತು ಅಂದ್ಕೊಂಡೆ. ದಿನಾ ಅದೇ ಸಾಲು ಬಿಟ್ಟಾಗ ಗೊತ್ತಾಯ್ತು.’

ಮೂರು ವರ್ಷದಿಂದ ಗೊತ್ತಿತ್ತು ಅವರಿಗೆ. ನಾನು ಪುಟ ತಿರುಗಿಸುವ ಸದ್ದು ಮಾಡುತ್ತಿದ್ದೆ, ಅವರು ಆ ಸದ್ದಿನೊಳಗೆ ತಮ್ಮ ಸಾಲನ್ನು ಹೇಳಿಕೊಳ್ಳುತ್ತಿದ್ದರು.

ಅಮ್ಮನಿಗೆ ನೋವಾಗಿಲ್ಲ ಅಂತ ಹೇಳಲಾರೆ. ಆಗಿದೆ. ‘ನಿಮ್ಮಪ್ಪನ್ನ ಮತ್ತೆ ನೋಡಲ್ಲ ಅಂತ ಹೇಗೆ ಇರ್ತೀಯೋ’ ಅಂದರು. ಕಣ್ಣು ತುಂಬಿತ್ತು. ನನಗೂ. ನಾನು ಒಳಗೆ ಹೋಗಿ ಅಪ್ಪನ ಕನ್ನಡಕ ತಂದು ಅವರ ಕೈಯಲ್ಲಿಟ್ಟೆ. ಅದು ಇನ್ನೂ ನನ್ನ ಹತ್ತಿರವೇ ಇದೆ ಅಂತ ಅಮ್ಮನಿಗೆ ಗೊತ್ತಿರಲಿಲ್ಲ. ಕಳೆದುಹೋಯಿತು ಅಂತ ಆಗ ಮನೆಯೆಲ್ಲ ಹುಡುಕಿದ್ದರಂತೆ. ಕಡ್ಡಿ ಬಿಡಿಸಿದರು, ಮಡಚಿದರು, ಮತ್ತೆ ಬಿಡಿಸಿದರು. ಗಾಜು ಮುಟ್ಟಬೇಡಿ ಅಂತ ಹೇಳೋಣ ಅನ್ನಿಸಿತು, ಹೇಳಲಿಲ್ಲ.

ಸಭೆ ಮುಂದಿನ ಶನಿವಾರ. ಹೋಗುತ್ತಿದ್ದೇನೆ. ವಿಡಿಯೋ ಬೇಡ ಅಂದೆ, ಗೆಳತಿ ಒಪ್ಪಿದ್ದಾಳೆ. ವಾರ್ಡಿನ ಹಿರಿಯ ಸಿಸ್ಟರ್‌ಗೆ ಹೇಳಿದೆ. ಅವರು ‘ರೋಗಿಗಳ ಹೆಸರು ಬರಬಾರದು, ಅಷ್ಟೇ’ ಅಂದು ಡ್ರಿಪ್ ಬದಲಾಯಿಸಲು ಹೋದರು. ಮಾತಾಡುವುದು ಅಪ್ಪ ಹೋದ ಆ ಮೂರು ತಿಂಗಳ ಬಗ್ಗೆ. ಬೇರೆ ಯಾರ ನಂಬಿಕೆಯ ಬಗ್ಗೆಯೂ ಒಂದಕ್ಷರ ಇಲ್ಲ. ಅಮ್ಮನ ಪ್ರಾರ್ಥನೆ ವಿಷಯ ಹೇಳಬಹುದಾ ಅಂತ ಅಮ್ಮನನ್ನೇ ಕೇಳಿದೆ. ‘ಅದು ನಮ್ಮ ಮನೆದು, ಬೇಡ’ ಅಂದರು. ಹಾಗಾಗಿ ಅದು ಸಭೆಯಲ್ಲಿ ಬರುವುದಿಲ್ಲ. ಇಲ್ಲಿ ನನ್ನ ಹೆಸರಿಲ್ಲ, ಆದರೂ ಬರೆದುಬಿಟ್ಟಿದ್ದೇನೆ ಅಂತ ಅವರಿಗೆ ಹೇಳಿದ್ದೇನೆ. ‘ಇನ್ನು ಮೇಲೆ ಕೇಳಿ ಬರೆ’ ಅಂದಿದ್ದಾರೆ.

ಗಾಳಿಪಟ, ಮೇಷ್ಟ್ರಿಗೆ ಬರೆದೆಯಾ? ನನಗೂ ಬರೆಯಬಹುದು. ರಾತ್ರಿ ಹತ್ತರ ಮೇಲೆ ನಾನು ಎಚ್ಚರವೇ ಇರುತ್ತೇನೆ.

ಓದು ನಿಂತಿಲ್ಲ. ನಿನ್ನೆಯೂ ಓದಿದೆ. ಆ ಸಾಲು ಬಂದಾಗ ಪುಟ ತಿರುಗಿಸಲಿಲ್ಲ, ಸುಮ್ಮನೆ ನಿಂತೆ. ಅಮ್ಮ ಅದನ್ನು ಗಟ್ಟಿಯಾಗಿ, ತಮಗೆ ಬೇಕಾದಷ್ಟು ನಿಧಾನವಾಗಿ ಹೇಳಿದರು. ಹೇಳಿ, ಮುಂದೆ ಓದು ಅಂತ ನನ್ನ ಮೊಣಕೈ ತಟ್ಟಿದರು.